ಬೆಡ್‌ಶೀಟಿನ ಉದ್ದದ ಪದ್ಯ

ಅಂತ್ಯಕ್ರಿಯೆ ಮುಗಿದು, ಬಂದವರು ಒಬ್ಬೊಬ್ಬರಾಗಿ ಹೊರಟು, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಉಳಿದ ಮೊದಲ ಬೆಳಗು. ನೀರು ಕಾಯಿಸಬೇಕು, ಕಸ ಹೊರಗಿಡಬೇಕು, ಕೆಲಸಕ್ಕೆ ಹೋಗಬೇಕು. ಟೀ ಪುಡಿಯ ಡಬ್ಬಿಯನ್ನು ನೆಂಟರಲ್ಲಿ ಯಾರೋ ಮೇಲಿನ ಗೂಡಿಗೆ ಸೇರಿಸಿದ್ದಾರೆ. "ಆ ಸ್ಟೂಲ್ ಎಳ್ಕೊಂಡು ಹತ್ತೇ," ಎನ್ನುತ್ತಾರೆ ಅತ್ತೆ. ಗೋಡೆಗೆ ಒತ್ತಿಟ್ಟ ಮರದ ಪೆಟ್ಟಿಗೆಯನ್ನು ಎಳೆದು ಹತ್ತುತ್ತೇನೆ. ಕಾಲ ಕೆಳಗೆ ಅದು ಧಂ ಎನ್ನುತ್ತದೆ.

ಅದು ಸ್ಟೂಲಲ್ಲ. ನನ್ನ ಗಂಡ ಸಂಜೆ ಅದರ ಮೇಲೆ ಕುಳಿತು, ಮೊಣಕಾಲುಗಳ ನಡುವೆ ಕೈ ಇಳಿಬಿಟ್ಟು, ಮುಂಬದಿಯ ಹಲಗೆಯನ್ನು ಬಡಿಯುತ್ತಿದ್ದರು. ಕೊಂಡು ತಂದದ್ದೇ ಇರಬೇಕೆಂದು ನಾನು ಅಂದುಕೊಂಡಿದ್ದೆ. ಡಬ್ಬಿ ಇಳಿಸಿ ಅತ್ತೆಯ ಕೈಗೆ ಕೊಟ್ಟು, ಟೀಗೆ ಕಾಯದೆ ಹೊರಡುತ್ತೇನೆ. ಇವತ್ತಿನ ಭೇಟಿಯನ್ನು ಗೊತ್ತುಮಾಡಿದ್ದು ನನ್ನ ಗಂಡನೇ. ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. "ನಮ್ಮ ಲಾಂಡ್ರೀಲಿ ಒಬ್ರು ಅಕ್ಕ ಇದ್ದಾರೆ, ಬಟ್ಟೆ ಮಡಿಸ್ತಾ ಪದ್ಯ ಹೇಳ್ತಾರೆ. ನಾನು ಅವರ ಹತ್ರ ತಾಳ ಕಲೀತಿದ್ದೀನಿ. ನಿನ್ನ ಪುರವಣಿಗೆ ಅವರ ಬಗ್ಗೆ ಬರಿ," ಎಂದಿದ್ದರು. ದಿನ, ಹೊತ್ತು ಎಲ್ಲ ಹೇಳಿಟ್ಟಿದ್ದರು. ಸಂಪಾದಕರು ಮುಂದಕ್ಕೆ ಹಾಕೋಣ ಎಂದರು. ಬೇಡ ಎಂದೆ.

ಆಸ್ಪತ್ರೆಯ ಹಿಂದೆ, ಆಂಬುಲೆನ್ಸುಗಳು ತಿರುಗುವ ಜಾಗ ದಾಟಿ ಇಳಿಜಾರಿನಲ್ಲಿ ಇಳಿದರೆ ಲಾಂಡ್ರಿ. ಇನ್ನೂ ಬೆಳಕು ಹರಿದಿಲ್ಲ. ಬಾಗಿಲು ತಳ್ಳಿದರೆ ಮುಖಕ್ಕೆ ಹಬೆ ಹೊಡೆಯುತ್ತದೆ. ಸೋಪಿನ ವಾಸನೆ, ಕಾದ ಬಟ್ಟೆಯ ವಾಸನೆ. ಗೋಡೆಯುದ್ದಕ್ಕೂ ಆಳೆತ್ತರದ ಯಂತ್ರಗಳು ತಿರುಗುತ್ತಿವೆ, ಒಂದೊಂದಕ್ಕೆ ಒಂದೊಂದು ಸದ್ದು. ಮೂಲೆಯದು ಸುತ್ತಿಗೊಮ್ಮೆ ಕೆಮ್ಮುತ್ತದೆ. ನಡುವೆ, ಉದ್ದನೆಯ ಮೇಜಿನ ಪಕ್ಕ, ಇಬ್ಬರು ಒಂದು ಬಿಳಿ ಬೆಡ್‌ಶೀಟಿನ ಎರಡು ತುದಿ ಹಿಡಿದು ನಿಂತಿದ್ದಾರೆ. ಈ ತುದಿಯಲ್ಲಿ ಐವತ್ತು ದಾಟಿದ ಸಣಕಲು ಹೆಂಗಸು. ಆ ತುದಿಯಲ್ಲಿ ಅವರ ಎರಡರಷ್ಟು ಗಾತ್ರದ ಗಂಡಸು.

ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ರೇಡಿಯೋ ಅಕ್ಕ ಎಂದು. ಅವರ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲವಂತೆ. ಬೆಡ್‌ಶೀಟ್ ಮಡಿಸುವ ಕೆಲಸ ಒಬ್ಬರಿಂದ ಆಗುವುದಲ್ಲ, ಹಾಗಾಗಿ ಎದುರು ತುದಿ ಹಿಡಿಯುವವನನ್ನು ಲಾಂಡ್ರಿಯಲ್ಲಿ 'ಜೋಡಿ' ಎನ್ನುತ್ತಾರೆ. ಈ ಜೋಡಿ ರೇಡಿಯೋ ಅಕ್ಕನ ಎದುರು ನಿಲ್ಲಲು ಶುರುಮಾಡಿದಾಗ ಈಗ ಬೋಳಾಗಿರುವ ಆ ತಲೆ ತುಂಬ ಕೂದಲಿತ್ತಂತೆ.

"ಬನ್ನಿ ಮೇಡಂ, ಪತ್ರಿಕೆಯವರಲ್ವಾ," ಎನ್ನುತ್ತಾರೆ ರೇಡಿಯೋ ಅಕ್ಕ, ಕೈ ನಿಲ್ಲಿಸದೆ. ಒಂದು ಕ್ಷಣ ನನ್ನ ಮುಖ ನೋಡಿ ಜೋಡಿಯ ಕಡೆ ತಿರುಗುತ್ತಾರೆ. "ಅಣ್ಣಾ, ನಮ್ಮ ಬಗ್ಗೆ ಬರೆಯೋಕೆ ಬಂದಿದ್ದಾರೆ. ಹೊಟ್ಟೆ ಒಳಗೆ ಎಳ್ಕೋ."

"ನನ್ನ ಹೊಟ್ಟೆ ಬರೆದ್ರೆ ಒಂದು ಪುಟ ಸಾಲಲ್ಲ," ಎನ್ನುತ್ತಾರೆ ಜೋಡಿ. "ಎಲೆಮರೆ ಕಾಯಿ ಅಂತ ಬರೀತೀರಂತಲ್ಲ ಮೇಡಂ? ಇವಳು ಎಲೆ ಹಿಂದೆ ಇದ್ರೂ ಸದ್ದು ಮಾಡೋ ಕಾಯಿ."

ಮಡಿಸುವ ಕ್ರಮ ಹೀಗೆ. ತುದಿ ಹಿಡಿದು ಇಬ್ಬರೂ ಒಮ್ಮೆ ಜಗ್ಗುತ್ತಾರೆ. ಬಟ್ಟೆ ಚಟ್ಟೆಂದು ನೆಟ್ಟಗಾಗುತ್ತದೆ. ಉದ್ದಕ್ಕೆ ಅರ್ಧ ಮಾಡಿ, ಎದುರುಬದುರಾಗಿ ನಡೆದು ಬರುತ್ತಾರೆ. ಕೈಗೆ ಕೈ ಸೇರುತ್ತದೆ. ಒಬ್ಬರು ಜೋತುಬಿದ್ದ ಮಡಿಕೆ ಹಿಡಿದು ಹಿಂದೆ ಸರಿಯುತ್ತಾರೆ. ಈಗ ನಡೆಯಬೇಕಾದ ದೂರ ಅರ್ಧ. ಆಮೇಲೆ ಅದರ ಅರ್ಧ, ಒಂದು ಹೆಜ್ಜೆ. ಕೊನೆಯ ಮಡಿಕೆಗೆ ಜೋಡಿ ಬೇಕಿಲ್ಲ. ಎದೆಗೆ ಒತ್ತಿ ಮಡಿಸಿ ಮೇಜಿನ ಮೇಲೆ ಪೇರಿಸಿದರಾಯಿತು.

ರೇಡಿಯೋ ಅಕ್ಕನ ಪದ್ಯದ ಅಳತೆಯೂ ಇದೇ. ಮೊದಲ ಸಾಲು ಬೆಡ್‌ಶೀಟಿನ ಉದ್ದ. ಎರಡನೆಯದು ಅದರ ಅರ್ಧ. ಮೂರನೆಯದಕ್ಕೆ ಒಂದು ಹೆಜ್ಜೆ. ನಾಲ್ಕನೆಯದು ಒಂದೇ ಪದ, ಎದೆಯ ಮೇಲೆ. ಕೈ ಸೇರುವಷ್ಟರಲ್ಲಿ ಸಾಲು ಮುಗಿಯದಿದ್ದರೆ ಆ ಪದ್ಯ ತಳ್ಳಿಹಾಕಿದಂತೆ. ತೀರ್ಪುಗಾರರು ಜೋಡಿಯೇ. "ಹಾಸಿಗೆ ಇದ್ದಷ್ಟು ಕಾಲು ಚಾಚು, ಬೆಡ್‌ಶೀಟ್ ಇದ್ದಷ್ಟು ಬಾಯಿ ಚಾಚು ಅಂತೀನಿ. ಸಾಲು ಉದ್ದ ಆದ್ರೆ ಬಟ್ಟೆ ಕಿತ್ಕೊಂಡು ಹೋಗ್ತೀನಿ. ಹಂಗೇ ಕಲಿತಳು."

ಒಂದು ಹೇಳಿ ಎನ್ನುತ್ತೇನೆ. ರೇಡಿಯೋ ಅಕ್ಕ ಬಟ್ಟೆ ಜಗ್ಗುತ್ತಾರೆ, ನಡೆದು ಬರುತ್ತಾರೆ, ಕೈ ಸೇರಿಸುತ್ತಾರೆ. ಬಾಯಿ ಬಿಡುವುದಿಲ್ಲ.

"ಹತ್ತು ದಿನದಿಂದ ಹಿಂಗೇ," ಎನ್ನುತ್ತಾರೆ ಜೋಡಿ. "ರೇಡಿಯೋ ಕೆಟ್ಟಿದೆ ಮೇಡಂ. ಸುದ್ದಿ ಬರುತ್ತೆ, ಹಾಡು ಬರಲ್ಲ. ತಾಳಿ, ನಾನೇ ಹೇಳ್ತೀನಿ."

ಅವರು ಹಾಜರಿ ಕೂಗುವ ದನಿಯಲ್ಲಿ, ನಡೆಯುತ್ತಾ ಹೇಳುತ್ತಾರೆ:

"ಈ ಬಟ್ಟೆ ಮೇಲೆ ಮೊನ್ನೆ ಒಬ್ಬ ಹುಟ್ಟಿದ, ನಿನ್ನೆ ಒಬ್ಬಳು ನರಳಿ ನರಳಿ ಎದ್ದು ಮನೆಗೆ ಹೋದಳು.
ಯಾರು ಯಾರಂತ ಬಟ್ಟೆಗೆ ಗೊತ್ತಿಲ್ಲ.
ಬಿಸಿನೀರು
ಮರೆಸಿದೆ."

"ಕೊಂದೆಯಲ್ಲೋ ಅಣ್ಣ," ಎನ್ನುತ್ತಾರೆ ರೇಡಿಯೋ ಅಕ್ಕ. "'ಬಿಸಿನೀರು' ಅಂದ್ಮೇಲೆ ಉಸಿರು ಬಿಡ್ಬೇಕು. ನೀನು ನೀರೇ ಚೆಲ್ಲಿಬಿಟ್ಟೆ."

ಹೇಳುವಾಗ ಅವರ ಬೆರಳುಗಳು ಮೇಜಿನ ಅಂಚಿನಲ್ಲಿ ಓಡುತ್ತಿರುತ್ತವೆ. ಅವು ನಿಂತದ್ದನ್ನು ನಾನಂತೂ ಕಾಣಲಿಲ್ಲ. ಟ್ರಾಲಿಯ ಕಂಬಿ, ದಿಂಬಿನ ಚೀಲಗಳ ರಾಶಿ, ತಮ್ಮದೇ ಕೊರಳ ಮೂಳೆ, ಸಿಕ್ಕಿದ್ದರ ಮೇಲೆ ಬೀಳುತ್ತವೆ. ಮನೆಯಲ್ಲಿ ಊಟಕ್ಕೆ ಕುಳಿತರೆ ತಂಗಿ ಇವರ ತಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಇರಬೇಕಂತೆ.

ಒಂದು ಪಾಳಿಗೆ ಆರುನೂರಕ್ಕೂ ಹೆಚ್ಚು ಬೆಡ್‌ಶೀಟುಗಳು ಈ ಇಬ್ಬರ ಕೈ ದಾಟುತ್ತವೆ. ಒಣಗಿಸುವ ಯಂತ್ರದಿಂದ ಬರುವಾಗ ಕೈ ಸುಡುವಷ್ಟು ಬಿಸಿ. ರೇಡಿಯೋ ಅಕ್ಕನ ಬೆರಳ ತುದಿಗಳು ನುಣ್ಣಗಿವೆ, ಗೆರೆಗಳಿಲ್ಲ. ಬಟ್ಟೆಗಳ ನಡುವೆ ಕನ್ನಡಕ ಸಿಗುತ್ತದೆ, ಹಲ್ಲಿನ ಸೆಟ್ಟು ಸಿಗುತ್ತದೆ, ಒಮ್ಮೆ ಮದುವೆಯ ಉಂಗುರ ಸಿಕ್ಕಿತ್ತು. ಗಾಳಿಯಲ್ಲಿ ನೂಲಿನ ಧೂಳು ಸದಾ ತೇಲುತ್ತಿರುತ್ತದೆ. ಗಂಟಲಿಗೆ ಅದು ವಿಷ. "ಡಾಕ್ಟ್ರು ಹೇಳಿದ್ದು ಎರಡೇ ಮಾತು. ಒಂದೋ ಮುಖಕ್ಕೆ ಬಟ್ಟೆ ಕಟ್ಟು, ಇಲ್ಲ ಬಾಯಿ ಮುಚ್ಚು ಅಂತ. ಎರಡೂ ಒಂದೇ ಅಲ್ವಾ ಮೇಡಂ?"

ಬಾಯಿ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. "ಒಂದೇ ಉಸಿರಿಗೆ ಇಡೀ ರಾಶಿ ಮಾರ್ತಿದ್ದ ನಮ್ಮಪ್ಪ. ನಡುವೆ ಉಸಿರು ಬಿಟ್ಟರೆ ಬೆಲೆ ಬಿತ್ತು ಅಂತಿದ್ದ. ನಾನು ಕಟ್ಟೆ ಕೆಳಗೆ ಕೂತು ಖಾಲಿ ಬುಟ್ಟಿ ಬಡೀತಿದ್ದೆ. ಬುಟ್ಟಿ ಸದ್ದು ಕೇಳಿದ್ರೆ ಅಪ್ಪನ ಬಾಯಿ ಇನ್ನೂ ಜೋರಾಗಿ ಓಡೋದು."

ಇಪ್ಪತ್ತರ ಹರೆಯದಲ್ಲಿ, ಮದುವೆಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಮೂವರು ಹುಡುಗರ ತಂಡಕ್ಕೆ ಸೇರಿಕೊಂಡರು. ಮೂರನೆಯ ಮದುವೆಗೇ ಬಿಡಿಸಿದರು. "ಹಾಡೋಕೆ ನಿಲ್ಸಿದ್ರೆ ಮಾತಾಡ್ತೀಯಲ್ಲ ಅಂತ ಬೈದ್ರು. ಸುಳ್ಳಲ್ಲ. ನನಗೆ ರಾಗ ಹತ್ತಲ್ಲ. ತಾಳ ಮಾತ್ರ ಬಿಡಲ್ಲ, ಜ್ವರ ಬಂದ ಹಾಗೆ ಬರುತ್ತೆ." ಆಮೇಲೆ ಒಬ್ಬರೇ ಹೊರಟರು. ಟೀ ಅಂಗಡಿಗಳಲ್ಲಿ, ಬಸ್ ನಿಲ್ದಾಣದಲ್ಲಿ, ಸಿನಿಮಾ ಬಿಡುವಿನ ಹೊತ್ತಿನಲ್ಲಿ ನಿಂತು, ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾ ಪದ್ಯ ಹೇಳಿದರು. ಜನ ಮಾತು ನಿಲ್ಲಿಸುತ್ತಿರಲಿಲ್ಲ. "ಒಂದಿನ ಕುಡಿದಿದ್ದ ಮನುಷ್ಯ ಒಬ್ಬ ಕೂತು ಅತ್ತ. ಅದೇ ನನ್ನ ಮೊದಲನೇ ಚಪ್ಪಾಳೆ."

ಚಪ್ಪಾಳೆ ಹೊಟ್ಟೆ ತುಂಬಿಸಲಿಲ್ಲ. ತಂಗಿಯ ಹೊಲಿಗೆಯಿಂದ ಮನೆ ನಡೆಯುತ್ತಿತ್ತು. ಆಸ್ಪತ್ರೆಯ ಲಾಂಡ್ರಿಗೆ ಸ್ವಲ್ಪ ದಿನ ಇರೋಣವೆಂದು ಬಂದವರು ಇಲ್ಲೇ ಉಳಿದರು. ಕೆಲಸ ಪದ್ಯವನ್ನು ಕೊಲ್ಲುತ್ತದೆಂದು ಹೆದರಿದ್ದರಂತೆ. ಆದದ್ದು ಬೇರೆ. ಅಲ್ಲಿಯವರೆಗೆ ಹರಾಜಿನಂತೆ ಉದ್ದುದ್ದ ಓಡುತ್ತಿದ್ದ ಮಾತು ಇಲ್ಲಿ ಬೆಡ್‌ಶೀಟಿನ ಅಳತೆಗೆ ಬಂತು. ಅವರು ಯಾವ ಪದ್ಯವನ್ನೂ ಬರೆದಿಟ್ಟಿಲ್ಲ. ಬರೆದರೆ ಅದು ಅಲ್ಲೇ ಮಲಗಿಬಿಡುತ್ತದಂತೆ. ಒಮ್ಮೆ ಯಾರೋ ರೆಕಾರ್ಡ್ ಮಾಡಿಕೊಳ್ಳಲು ಬಂದಿದ್ದರು. ಕೇಳಿದರೆ ಮೂಲೆಯ ಯಂತ್ರದ ಕೆಮ್ಮು ಮಾತ್ರ ಸ್ಪಷ್ಟವಾಗಿತ್ತು. ಒಂದು ಕಾಲೇಜಿನವರು ಕರೆದು, ಬಹುಮಾನ ಹಂಚುವ ನಡುವೆ ಎರಡು ನಿಮಿಷ ಕೊಟ್ಟರು. "ಫ್ಯಾನ್ ನಿಲ್ಸಿ, ಮಾತು ಕೇಳಲ್ಲ ಅಂದೆ. ಗಣ್ಯರಿಗೆ ಸೆಕೆ ಆಗುತ್ತೆ ಅಂದ್ರು. ಗಣ್ಯರಿಗೆ ಗಾಳಿ ಬಂತು, ನನ್ನ ಪದ್ಯ ಗಾಳಿಗೆ ಹೋಯ್ತು."

ಉಳಿದದ್ದು ಶನಿವಾರದ ಸಂಜೆ. ಗ್ರಂಥಾಲಯದ ಹಿಂದೆ ಒಂದು ಸಣ್ಣ ಸಭಾಂಗಣವಿದೆ. ಅಲ್ಲಿ ಶನಿವಾರ ಯಾರು ಬೇಕಾದರೂ ಹತ್ತು ನಿಮಿಷ ವೇದಿಕೆ ಹತ್ತಬಹುದು. ಹಾಡುವವರು, ನಗಿಸುವವರು, ಜಾದೂ ಮಾಡುವವರು ಎಲ್ಲ ಮುಗಿದ ಮೇಲೆ ರೇಡಿಯೋ ಅಕ್ಕನ ಸರದಿ. ಶನಿವಾರದ ಮಧ್ಯಾಹ್ನದ ಪಾಳಿ ಮುಗಿಸಿ, ಬಸ್ಸು ಹಿಡಿದು ಬರುವಷ್ಟರಲ್ಲಿ ಪಟ್ಟಿಯ ಕೊನೆಯೇ ಸಿಗುವುದು. ಆ ಹೊತ್ತಿಗೆ ಜನ ಏಳುತ್ತಿರುತ್ತಾರೆ, ಹಿಂದಿನ ಸಾಲಿನಿಂದ ಕಬ್ಬಿಣದ ಕುರ್ಚಿಗಳನ್ನು ಮಡಿಸುತ್ತಾ ಬರುತ್ತಿರುತ್ತಾರೆ. ಟಪ್, ಟಪ್, ಟಪ್. ಇವರು ಆ ಟಪ್ಪಿಗೂ ತಾಳ ಹೊಂದಿಸಿಕೊಂಡು ಹೇಳಿ ಇಳಿಯುತ್ತಾರೆ.

"ವೇದಿಕೆ ಮೇಲೆ ಏನು ಬಾರಿಸುತ್ತೀರಿ?" ಎಂದು ಕೇಳುತ್ತೇನೆ.

"ಪೆಟ್ಟಿಗೆ." ಲಾಂಡ್ರಿಯ ಹಳೆಯ ಬೀರು ಒಡೆದು ಬಿಸಾಡಿದಾಗ ಅದರ ಹಿಂಬದಿಯ ಹಲಗೆಯನ್ನು ಜೋಡಿ ಎತ್ತಿಟ್ಟರಂತೆ. ವರ್ಷಗಟ್ಟಲೆ ಹಬೆ ಕುಡಿದು ತೆಳ್ಳಗಾದ ಹಲಗೆ. ಅದನ್ನು ಮುಂದಕ್ಕೆ ಹಾಕಿ, ಕೂರುವ ಎತ್ತರಕ್ಕೆ ಪೆಟ್ಟಿಗೆ ಮಾಡಿ, ಸದ್ದು ಹೊರಗೆ ಬರಲೆಂದು ಹಿಂದೆ ದುಂಡನೆಯ ತೂತು ಕೊರೆದುಕೊಟ್ಟರು. "ಬೇರೆ ಪೆಟ್ಟಿಗೆನೂ ಬಡಿದು ನೋಡಿದ್ದೀನಿ ಮೇಡಂ. ಅವು ಕೇಳಿದ್ದಕ್ಕೆ ಉತ್ತರ ಕೊಡ್ತವೆ. ಇದು ಎದುರು ಮಾತಾಡುತ್ತೆ."

ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ನಮ್ಮ ಮನೆಯ ಪೆಟ್ಟಿಗೆಯ ಹಿಂದೆ ದುಂಡನೆಯ ತೂತಿದೆ. ಅತ್ತೆ ಅದರೊಳಗೆ ಪ್ಲಾಸ್ಟಿಕ್ ಚೀಲಗಳನ್ನು ತುಂಬಿಡುತ್ತಾರೆ.

ಅಷ್ಟರಲ್ಲಿ ರೇಡಿಯೋ ಅಕ್ಕನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ. "ಹೂಂ ಸಾರ್. ಗೊತ್ತಿದೆ ಸಾರ್. ಸಂಜೆ ಹೇಳ್ತೀನಿ. ಇಲ್ಲ ಸಾರ್, ಗಂಟಲು ಚೆನ್ನಾಗಿದೆ." ಸಭಾಂಗಣದ ಮ್ಯಾನೇಜರು. ಈ ಶನಿವಾರ ಅವರು ರೇಡಿಯೋ ಅಕ್ಕನಿಗೆ ಇಡೀ ಒಂದು ಗಂಟೆ ಕೊಟ್ಟಿದ್ದಾರೆ. ಅವರೊಬ್ಬರಿಗೇ. ಹೊರಗೆ ಬೋರ್ಡು ಹಾಕಿಸುತ್ತಾರೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಇವತ್ತು ಸಂಜೆಯೊಳಗೆ ಒಪ್ಪದಿದ್ದರೆ ಬೇರೆಯವರಿಗೆ.

"ಗಂಟಲು ಚೆನ್ನಾಗಿದೆ ಅಂತೆ," ಎನ್ನುತ್ತಾರೆ ಜೋಡಿ, ಹೊಸ ಬೆಡ್‌ಶೀಟು ಎತ್ತಿಕೊಳ್ಳುತ್ತಾ. "ಪೆಟ್ಟಿಗೆ ಇಲ್ಲ ಅಂತ ಹೇಳಲ್ಲ. ಕೇಳಿ ಮೇಡಂ, ನಮ್ಮಲ್ಲಿ ಕರೆಂಟಣ್ಣ ಅಂತ ಇದ್ದ, ಎಲೆಕ್ಟ್ರಿಷಿಯನ್ನು. ಎರಡು ವಾರಕ್ಕೆ ಅಂತ ಪೆಟ್ಟಿಗೆ ಎರವಲು ಒಯ್ದ, ಮನೇಲಿ ಅಭ್ಯಾಸ ಮಾಡ್ತೀನಿ ಅಂತ. ಚಿನ್ನದಂಥ ಮನುಷ್ಯ, ತಾಳ ಮಾತ್ರ ಆಗಿಬರಲ್ಲ. ಈಗ ಅವನೇ ಹೋಗ್ಬಿಟ್ಟ. ಪೆಟ್ಟಿಗೆ ಅಲ್ಲೇ ಕೂತಿದೆ. ಇವಳು ಕೇಳಲ್ಲ. ಊರಿಗೆಲ್ಲ ಬಾಯಿ, ಇದೊಂದಕ್ಕೆ ಮೂಗಿ. ನಾನೇ ಹೋಗಿ ಅವನ ಹೆಂಡತಿ ಹತ್ರ ಕೇಳ್ತೀನಿ ಅಂದ್ರೆ..."

"ಅಣ್ಣ," ಎನ್ನುತ್ತಾರೆ ರೇಡಿಯೋ ಅಕ್ಕ. ಅಷ್ಟೇ.

ಜೋಡಿ ಅವರನ್ನು ನೋಡುತ್ತಾರೆ. ಆಮೇಲೆ ನನ್ನನ್ನು ನೋಡುತ್ತಾರೆ. ಕೈಯಲ್ಲಿದ್ದ ತುದಿ ಜಾರಿ ನೆಲಕ್ಕೆ ತಾಗುತ್ತದೆ. ನೆಲ ಮುಟ್ಟಿದ ಬಟ್ಟೆ ಮತ್ತೆ ಒಗೆಯಬೇಕೆಂಬುದು ಇಲ್ಲಿನ ನಿಯಮ. ಅವರು ಬೆಡ್‌ಶೀಟನ್ನು ಮುದ್ದೆ ಮಾಡಿ ಎತ್ತಿಕೊಂಡು, ಕೊಳೆ ಬಟ್ಟೆಯ ಟ್ರಾಲಿಯ ಕಡೆ ನಡೆಯುತ್ತಾರೆ.

ಟೀ ಬಿಡುವಿನಲ್ಲಿ ರೇಡಿಯೋ ಅಕ್ಕ ಮತ್ತು ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತೇವೆ. ಬೆಳಕಾಗಿದೆ. ಅವರ ಬೆರಳು ಲೋಟದ ಮೇಲೆ ಓಡುತ್ತಿದೆ.

"ಅವನ ಬಾಯಿಗೆ ಬಾಗಿಲಿಲ್ಲ. ಮನಸ್ಸಿಗೆ ಹಚ್ಕೋಬೇಡಮ್ಮ," ಎನ್ನುತ್ತಾರೆ. ಮೇಡಂ ಹೋಗಿ ಅಮ್ಮ ಆಗಿದೆ. "ನೀನು ಯಾರಂತ ಗೊತ್ತಾದ್ರೆ ಇಲ್ಲಿ ಎಲ್ಲರೂ ಸುತ್ತುವರಿದು ಅಯ್ಯೋ ಪಾಪ ಶುರು ಮಾಡ್ತಾರೆ ಅಂತ ನಾನೇ ಹೇಳಿರ್ಲಿಲ್ಲ."

"ನೀವು ಮನೆಗೆ ಬಂದಿದ್ದಿರಾ?"

"ಬಂದಿದ್ದೆ. ನೀನು ಗೋಡೆ ನೋಡ್ತಾ ಕೂತಿದ್ದೆ. ಮನೆ ತುಂಬ ಜನ, ಕುರ್ಚಿ ಇರ್ಲಿಲ್ಲ. ನಿಮ್ಮತ್ತೆ ಪೆಟ್ಟಿಗೆ ಎಳೆದು ತಂದು, ಕೈಯಲ್ಲೇ ಧೂಳು ಒರೆಸಿ, ಕೂತ್ಕೊಳ್ಳಮ್ಮ ಅಂದ್ರು. ನನ್ನ ಪೆಟ್ಟಿಗೆ ಮೇಲೆ ನನ್ನನ್ನೇ ನೆಂಟರ ಹಾಗೆ ಕೂರಿಸಿದ್ರು." ನಗಲು ಹೋಗಿ ನಿಲ್ಲಿಸುತ್ತಾರೆ. "ನನಗೆ ಭಯ ಆಯ್ತು ಕಣಮ್ಮ. ನನ್ನ ಕೈ ನನಗೆ ಗೊತ್ತಲ್ಲ. ಹಲಗೆ ಸಿಕ್ಕಿದ್ರೆ ಬಡಿಯುತ್ತೆ. ಸಾವಿನ ಮನೇಲಿ ಬಡಿದುಬಿಟ್ಟರೆ? ಎರಡೂ ಕೈ ಕಂಕುಳಲ್ಲಿ ಸಿಗಿಸ್ಕೊಂಡು ಕೂತೆ. ಎದ್ದು ಹೋಗೋವರೆಗೂ ತೆಗೀಲಿಲ್ಲ."

ನನ್ನ ಗಂಡನ ಪಾಠ ಹೇಗಿತ್ತೆಂದು ಕೇಳುತ್ತೇನೆ. ಊಟದ ಬಿಡುವಿನಲ್ಲಿ ಬರುತ್ತಿದ್ದರಂತೆ. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆಯೆಂದು ಹೇಳುವ ಕಿವಿ. ಕೈಗೆ ಮಾತ್ರ ಆ ಕಿವಿ ಇರಲಿಲ್ಲ. ಎಂಟು ಪೆಟ್ಟಿನ ತಾಳದಲ್ಲಿ ಕೊನೆಯದು ಯಾವಾಗಲೂ ತಡ. "ನಾನು ಬೈತಾ ಇರ್ಲಿಲ್ಲ. 'ಮತ್ತೆ' ಅಂತಿದ್ದೆ, ಅಷ್ಟೇ. ಅವನು ನಗ್ತಾ ಮೊದಲಿಂದ ಬಡೀತಿದ್ದ. ಮತ್ತೆ ತಡ. ಮತ್ತೆ ಅಂತಿದ್ದೆ."

ಆ ತಡ ನನಗೆ ಗೊತ್ತು. ಏಳು ಪೆಟ್ಟು, ಒಂದು ಬಿಡುವು, ಆಮೇಲೆ ಎಂಟನೆಯದು. ಅಡುಗೆಮನೆಯಲ್ಲಿ ನಿಂತು ಆ ಎಂಟನೆಯದಕ್ಕೆ ಕಾಯುವುದು ಸಂಜೆಗಳ ಅಭ್ಯಾಸವಾಗಿತ್ತು.

"ಶನಿವಾರ ಹೋಗಿ," ಎನ್ನುತ್ತೇನೆ. "ಪೆಟ್ಟಿಗೆ ತಂದುಕೊಡುತ್ತೇನೆ."

"ಪೆಟ್ಟಿಗೆ ಒಂದೇ ಅಲ್ಲಮ್ಮ." ಅವರು ಲೋಟ ಕೆಳಗಿಡುತ್ತಾರೆ. ಬೆರಳು ಮೆಟ್ಟಿಲಿಗೆ ಇಳಿಯುತ್ತದೆ. "ಅವನು ಹೋದ ದಿನದಿಂದ, ಬಟ್ಟೆ ಹಿಡಿದ್ರೆ ಒಂದೇ ಪದ್ಯ ಬಂದು ಬಾಗಿಲಲ್ಲಿ ನಿಲ್ಲುತ್ತೆ. ಅದನ್ನ ಹೇಳದೆ ಬೇರೆದನ್ನ ಒಳಗೆ ಬಿಡಲ್ಲ. ಶನಿವಾರ ವೇದಿಕೆ ಹತ್ತಿದ್ರೂ ಅದೇ ಮೊದಲು ಬರುತ್ತೆ. ಅವನ ಬಗ್ಗೆ. ಅದನ್ನ ಊರ ಮುಂದೆ ಹೇಳೋಕೆ ನಾನ್ಯಾರು? ಹೆಂಡತಿ ಕೇಳದಿರೋದನ್ನ ಊರು ಕೇಳಬಾರದು."

ಬಿಡುವು ಮುಗಿದ ಗಂಟೆ ಬಾರಿಸುತ್ತದೆ. ಅವರು ಏಳುತ್ತಾರೆ. ಅವರ ಮನೆ ಎಲ್ಲಿ ಎಂದು ಕೇಳುತ್ತೇನೆ.

ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಪೆಟ್ಟಿಗೆಯ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ವಿಷಯ ಹೇಳುತ್ತೇನೆ. ಅವರು ಕೈ ನಿಲ್ಲಿಸಿ ಯೋಚಿಸುತ್ತಾರೆ.

"ಹೌದೌದು. ಸಣ್ಣಕ್ಕಿದ್ಲು ಒಬ್ಬಳು. ಕೈ ಎರಡೂ ಕಂಕುಳಲ್ಲಿ ಇಟ್ಕೊಂಡು ಕೂತಿದ್ಲು. ಚಳಿಯಾಗುತ್ತಾ ಅಂತ ಶಾಲು ಹೊದಿಸಿದೆ. ಏನೂ ಅನ್ಲಿಲ್ಲ ಪುಣ್ಯಾತ್ಗಿತ್ತಿ." ಕೆಳಗೆ ನೋಡುತ್ತಾರೆ. "ಎರವಲಾ ಇದು? ನನ್ನ ಮಗ ಯಾರ ಹತ್ರಾನೂ ಏನೂ ಕೇಳಿದೋನಲ್ಲ."

"ಇದನ್ನು ಕೇಳಿದ್ದರು."

"ಇವತ್ತೇ ಕೊಡ್ಬೇಕಾ?"

"ಸಂಜೆಯೊಳಗೆ."

ಅತ್ತೆ ಏಳುವುದಿಲ್ಲ. ಒಂದು ಎಸಳು ಸುಲಿಯುತ್ತಾರೆ, ಇನ್ನೊಂದು ಸುಲಿಯುತ್ತಾರೆ. ಕೊನೆಗೆ ಮೊಣಕಾಲು ಹಿಡಿದು ಎದ್ದು, ಒದ್ದೆ ಬಟ್ಟೆ ತಂದು ಪೆಟ್ಟಿಗೆಯ ನಾಲ್ಕೂ ಬದಿ ಒರೆಸುತ್ತಾರೆ. ತೂತಿನೊಳಗೆ ಕೈ ಹಾಕಿ ಪ್ಲಾಸ್ಟಿಕ್ ಚೀಲಗಳನ್ನು ಎಳೆದು ಹಾಕುತ್ತಾರೆ. ನಾನು ಎತ್ತಿಕೊಳ್ಳಲು ಹೋದರೆ ತಡೆಯುತ್ತಾರೆ. "ಬರೀ ಪೆಟ್ಟಿಗೆ ಹೊತ್ಕೊಂಡು ಹೋಗ್ತಾರೇನೇ? ಇಸ್ಕೊಂಡಿದ್ದನ್ನ ವಾಪಸ್ ಕೊಡೋಕೂ ಒಂದು ರೀತಿ ಇದೆ." ಬೀರುವಿನಿಂದ ಒಂದು ಬೆಡ್‌ಶೀಟು ತೆಗೆದು ಹಾಸಿ, ಪೆಟ್ಟಿಗೆಯನ್ನು ನಡುವೆ ಇಟ್ಟು, ಗಂಟು ಹಾಕುತ್ತಾರೆ. ಅವರು ತೆಗೆದದ್ದು ಮಗನ ಹಾಸಿಗೆಯದು.

ರೇಡಿಯೋ ಅಕ್ಕನ ಮನೆ ಚಪ್ಪಲಿ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಕಿಟಕಿಯ ಬಳಿ ತಂಗಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ. ಊಟದ ಮೇಜಿಗೆ ದಪ್ಪ ಕಂಬಳಿ ಹೊದಿಸಿದೆ, ಬೆರಳಿನ ಸದ್ದು ಕೇಳದಿರಲೆಂದು. ನೆಲದ ಮೇಲೆ ಬೋರಲು ಹಾಕಿದ ಸೋಪಿನ ಡ್ರಮ್ಮು. ಇಷ್ಟು ದಿನ ಅದರ ಮೇಲೆ ಬಡಿದು ನೋಡುತ್ತಿದ್ದರಂತೆ.

"ಪೆಟ್ಟಿಗೆ ತಂದ್ಯಾ?" ಎನ್ನುತ್ತಾರೆ ತಂಗಿ, ನನಗೆ ಕೈ ಮುಗಿಯುವುದೊಂದು ಬಾಕಿ. "ಆ ಡ್ರಮ್ಮಿನ ಸದ್ದಿಗೆ ನನ್ನ ಸೂಜಿ ಎರಡು ಸಲ ಮುರೀತು. ನಿನ್ನ ಹೊಟ್ಟೆ ತಣ್ಣಗಿರ್ಲಿ."

ರೇಡಿಯೋ ಅಕ್ಕ ಗಂಟು ಬಿಚ್ಚುತ್ತಾರೆ. ಪೆಟ್ಟಿಗೆಯ ಸುತ್ತ ಒಮ್ಮೆ ಬೆರಳಾಡಿಸುತ್ತಾರೆ. ಹಲಗೆಯ ಕೆಳಮೂಲೆಯಲ್ಲಿ ಬೆರಳು ನಿಲ್ಲುತ್ತದೆ. ಅಲ್ಲಿ ಕಪ್ಪು ಟೇಪು ಸುತ್ತಿದೆ, ವೈರಿಗೆ ಸುತ್ತುವಂಥದ್ದು. ಸ್ಕ್ರೂ ಸಡಿಲಾಗಿದ್ದಿರಬೇಕು.

"ಇದು ನನ್ನದಲ್ಲ," ಎನ್ನುತ್ತಾರೆ. "ಮೆಷಿನ್ನಿಗೂ ಟೇಪು, ಟ್ರಾಲಿಗೂ ಟೇಪು. ಎಲ್ಲಕ್ಕೂ ಅದೊಂದೇ ಔಷಧಿ ಅವನ ಹತ್ರ." ಅಂಗೈಯಿಂದ ಹಲಗೆಯನ್ನು ಒಮ್ಮೆ ತಟ್ಟುತ್ತಾರೆ. ಒಳಗೆ ಏನೋ ಸರಸರ ಎನ್ನುತ್ತದೆ. ತೂತಿನಲ್ಲಿ ಕೈ ಹಾಕಿ, ಅತ್ತೆಯ ಕಣ್ಣು ತಪ್ಪಿಸಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ಎಳೆಯುತ್ತಾರೆ. ತಂಗಿ ಜೋರಾಗಿ ನಗುತ್ತಾರೆ. ಟೇಪನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಬೆಡ್‌ಶೀಟು ನೆಲದ ಮೇಲೆ ಬಿದ್ದಿದೆ. ರೇಡಿಯೋ ಅಕ್ಕ ಅದರ ಎರಡು ಮೂಲೆ ಎತ್ತಿಕೊಂಡು, ಉಳಿದೆರಡನ್ನು ನನ್ನ ಕಡೆ ಚಾಚುತ್ತಾರೆ.

"ಹಿಡ್ಕೋ."

ಹಿಡಿಯುತ್ತೇನೆ. ಅವರು ಜಗ್ಗುತ್ತಾರೆ. ನನ್ನ ಕೈಯಿಂದ ಒಂದು ಮೂಲೆ ಜಾರುತ್ತದೆ.

"ಗಟ್ಟಿ ಹಿಡಿ. ಬಟ್ಟೆಯೇನು ಹರಿಯಲ್ಲ."

ಈ ಸಲ ಬಟ್ಟೆ ಚಟ್ಟೆನ್ನುತ್ತದೆ. ತಂಗಿ ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಾರೆ. ಉದ್ದಕ್ಕೆ ಅರ್ಧ ಮಾಡುತ್ತೇವೆ. ಕೋಣೆಯ ಈ ಗೋಡೆಗೆ ಅವರು, ಆ ಗೋಡೆಗೆ ನಾನು. ರೇಡಿಯೋ ಅಕ್ಕ ನನ್ನ ಮುಖ ನೋಡುತ್ತಾರೆ. ಹೇಳಲೇ ಎಂದು ಅವರು ಕೇಳುವುದಿಲ್ಲ. ನಾನು ತಲೆಯಾಡಿಸುತ್ತೇನೆ. ಅವರು ನಡೆಯುತ್ತಾರೆ, ನಾನೂ ನಡೆಯುತ್ತೇನೆ.

"ದಿನಾ ಒಂದು ಪೆಟ್ಟು ತಡವಾಗೇ ಬರ್ತಿದ್ದೋನು, ಎಲ್ಲರಿಗಿಂತ ಮೊದಲು ಎದ್ದು ಹೋದೆಯಲ್ಲೋ."

ಕೈ ಸೇರುತ್ತದೆ. ಮಡಿಕೆ ಹಿಡಿದು ನಾನು ಹಿಂದೆ ಸರಿಯುತ್ತೇನೆ. ದೂರ ಅರ್ಧ.

"ಇದೊಂದಕ್ಕೆ ಯಾಕಪ್ಪ ಆತುರ."

ಕೈ ಸೇರುತ್ತದೆ. ಇನ್ನೊಂದೇ ಹೆಜ್ಜೆ.

"ತಾಳ ತಪ್ತು."

ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಎದೆಗೆ ಒತ್ತಿ, ಕೊನೆಯ ಮಡಿಕೆ ಮಡಿಸುತ್ತಾರೆ.

"ಮತ್ತೆ."

ಕೆಳಗಿನ ಅಂಗಡಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದಾರೆ. ರೇಡಿಯೋ ಅಕ್ಕ ಬೆಡ್‌ಶೀಟನ್ನು ನನ್ನ ಎರಡೂ ಕೈಯ ಮೇಲೆ ಇಡುತ್ತಾರೆ.

"ಸಾಲು ಉದ್ದ ಆಯ್ತಾ?"

"ಇಲ್ಲ," ಎನ್ನುತ್ತೇನೆ. "ಬಟ್ಟೆ ಮುಗಿದಾಗಲೇ ಮುಗಿಯಿತು."

ಅವರು ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂರುತ್ತಾರೆ. ಒಂದು ಕೈಯಲ್ಲಿ ಫೋನು ಕಿವಿಗಿಟ್ಟುಕೊಳ್ಳುತ್ತಾರೆ. ಇನ್ನೊಂದು ಆಗಲೇ ಹಲಗೆಗೆ ಇಳಿದಿದೆ. ಏಳು ಪೆಟ್ಟು, ಒಂದು ಬಿಡುವು, ಎಂಟನೆಯದು.

"ಸಾರ್, ಬರ್ತೀನಿ. ಹೂಂ, ಒಂದು ಗಂಟೆ. ಬೋರ್ಡಿಗಾ? ರೇಡಿಯೋ ಅಂತಾನೇ ಹಾಕ್ಸಿ, ಜನಕ್ಕೆ ಅದೇ ಗೊತ್ತಿರೋದು. ಏನೂ ಬೇಡ ಸಾರ್, ಪೆಟ್ಟಿಗೆ ಇದೆ. ಒಂದೇ ಒಂದು ಕೇಳ್ತೀನಿ. ನಾನು ಮುಗಿಸೋವರೆಗೂ ಕುರ್ಚಿ ಮಡಿಸಬೇಡಿ."